ಮೂರು ಉಂಗುರ, ಒಂದು ಬಾಲ: ಅಮಿಟ್ರಿಪ್ಟಿಲಿನ್ ಮಾತ್ರೆ ಹೇಗಿದೆ?

ಯಾವ ಕಂಪನಿಯ ಹೆಸರಿನಲ್ಲಿ ಕೊಂಡರೂ ಅಮಿಟ್ರಿಪ್ಟಿಲಿನ್ ಮಾತ್ರೆಯೊಳಗೆ ಇರುವುದು ಒಂದೇ ಅಣು. ಹಾಗಾಗಿ ಇಲ್ಲಿ ತೂಗಿ ನೋಡುತ್ತಿರುವುದು ಆ ಅಣುವನ್ನು, ಮತ್ತು ಅದನ್ನು ಹೊತ್ತು ತರುವ ಮಾತ್ರೆಯನ್ನು. ತೀರ್ಪನ್ನು ಮೊದಲೇ ಹೇಳಿಬಿಡಬಹುದು. ನರದ ನೋವಿಗೆ, ಮೈಗ್ರೇನ್ ಬಾರದಂತೆ ತಡೆಯಲಿಕ್ಕೆ, ಕಡಿಮೆ ಡೋಸಿನಲ್ಲಿ ಇದು ಇಂದಿಗೂ ಒಳ್ಳೆಯ ಸರಕು. ಖಿನ್ನತೆಗೂ ಕೆಲಸ ಮಾಡುತ್ತದೆ, ಆದರೆ ಸುಂಕ ವಸೂಲಿ ಮಾಡದೆ ಬಿಡುವುದಿಲ್ಲ. ಡೋಸ್ ಮೀರಿದರೆ ಮಾತ್ರ ಕ್ಷಮೆಯೇ ಇಲ್ಲ. ಈ ಮೂರಕ್ಕೂ ಬೇರು ಅಣುವಿನ ಎರಡು ಭಾಗಗಳಲ್ಲಿದೆ: ಎಣ್ಣೆಯ ಸ್ವಭಾವದ ಮೂರು ಉಂಗುರದ ದೇಹ, ತುದಿಯಲ್ಲಿ ನೈಟ್ರೋಜನ್ ಕಟ್ಟಿಕೊಂಡ ಬಾಲ.

ಮೊದಲು ದೇಹ. ಎರಡು ಬದಿಗೆ ಎರಡು ಬೆಂಜೀನ್ ಉಂಗುರ, ನಡುವೆ ಏಳು ಇಂಗಾಲದ ಇನ್ನೊಂದು ಉಂಗುರ. ಆರು, ಏಳು, ಆರು. ಈ ಬಳಗದ ಖಿನ್ನತೆ ಔಷಧಗಳಿಗೆ 'ಟ್ರೈಸೈಕ್ಲಿಕ್' (ಮೂರು ಉಂಗುರದ್ದು) ಎಂಬ ಹೆಸರು ಬಂದದ್ದು ಇದರಿಂದಲೇ. ನಡುವಿನದು ಏಳರ ಉಂಗುರವಾದ್ದರಿಂದ ಅಣು ಚಪ್ಪಟೆಯಾಗಿ ಮಲಗುವುದಿಲ್ಲ; ರೆಕ್ಕೆ ಅರ್ಧ ಎತ್ತಿದ ಚಿಟ್ಟೆಯ ಹಾಗೆ ಮಡಚಿಕೊಂಡು, ಸ್ವಲ್ಪ ತಿರುಚಿಕೊಂಡು ಇರುತ್ತದೆ. ಹಳೆಯ ಮನೋರೋಗದ ಔಷಧ ಕ್ಲೋರ್‌ಪ್ರೊಮಜಿನ್‌ನಲ್ಲಿಯೂ ಮೂರು ಉಂಗುರಗಳಿವೆ, ಆದರೆ ಅಲ್ಲಿ ನಡುವಿನದು ಗಂಧಕ ಮತ್ತು ನೈಟ್ರೋಜನ್ ಸೇರಿದ ಆರರ ಉಂಗುರ, ಮಡಿಕೆಯೂ ಬೇರೆ. ಸ್ವಿಸ್ ಕಂಪನಿ ಗೈಗಿ ಆ ಗಂಧಕದ ಜಾಗದಲ್ಲಿ ಎರಡು ಇಂಗಾಲದ ಸೇತುವೆ ಹಾಕಿದಾಗ ಇಮಿಪ್ರಮಿನ್ ಹುಟ್ಟಿತು. ಸ್ಕಿಜೋಫ್ರೇನಿಯಾಕ್ಕೆಂದು ಪರೀಕ್ಷಿಸಿದ ಈ ಅಣು ಅಲ್ಲಿ ಸೋತಿತು, ಖಿನ್ನತೆಯಲ್ಲಿ ಗೆದ್ದಿತು. ಅದನ್ನು ಮ್ಯುನ್‌ಸ್ಟರ್‌ಲಿಂಗನ್‌ನ ಮನೋವೈದ್ಯ ರೋಲಾಂಡ್ ಕುನ್ 1957ರಲ್ಲಿ ಪ್ರಕಟಿಸಿದರು. ಅಮಿಟ್ರಿಪ್ಟಿಲಿನ್ ಅದರ ಬೆನ್ನಿಗೆ ಬಿದ್ದ ತಮ್ಮ. 1961ರಲ್ಲಿ ಎಲಾವಿಲ್ ಎಂಬ ಹೆಸರಿನಲ್ಲಿ ಅಮೆರಿಕದ ಅನುಮತಿ ಪಡೆಯಿತು.

ಅಣ್ಣನಿಗೂ ತಮ್ಮನಿಗೂ ಇರುವ ವ್ಯತ್ಯಾಸ ಒಂದೇ ಜಾಗದಲ್ಲಿ. ಇಮಿಪ್ರಮಿನ್‌ನ ನಡುವಿನ ಉಂಗುರದಲ್ಲಿ ಒಂದು ನೈಟ್ರೋಜನ್ ಇದೆ, ಬಾಲ ಅದಕ್ಕೆ ಅಂಟಿದೆ. ಅಮಿಟ್ರಿಪ್ಟಿಲಿನ್‌ನಲ್ಲಿ ಆ ನೈಟ್ರೋಜನ್ ತೆಗೆದು ಇಂಗಾಲ ಇಟ್ಟು, ಅಲ್ಲಿಂದ ಬಾಲಕ್ಕೆ ಜೋಡಿಬಂಧ ಹಾಕಿದ್ದಾರೆ. ಕಾಗದದ ಮೇಲೆ ಸಣ್ಣ ಬದಲಾವಣೆ, ಕಪಾಟಿನಲ್ಲಿ ದೊಡ್ಡ ಲಾಭ: ಇಮಿಪ್ರಮಿನ್ ಹೈಡ್ರೋಕ್ಲೋರೈಡ್ ಬೆಳಕು ಬಿದ್ದರೆ ಹಳದಿಗೆ, ಆಮೇಲೆ ಕೆಂಪಿಗೆ ತಿರುಗುತ್ತದೆ, ಉಂಗುರದಲ್ಲಿ ನೈಟ್ರೋಜನ್ ಇಲ್ಲದ ಅಮಿಟ್ರಿಪ್ಟಿಲಿನ್ ಅಷ್ಟು ಸುಲಭಕ್ಕೆ ಬಣ್ಣಗೆಡುವುದಿಲ್ಲ. ಅದರ ಹೈಡ್ರೋಕ್ಲೋರೈಡ್ ಲವಣದ ಬಿಳಿ ಪುಡಿ ಬಿಳಿಯಾಗಿಯೇ ಉಳಿಯುತ್ತದೆ, ಸುಮಾರು 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ.

ಇನ್ನು ಬಾಲ. ಮೂರು ಇಂಗಾಲದ ಸರಪಳಿ, ತುದಿಯಲ್ಲಿ ಎರಡು ಮೀಥೈಲ್ ಗುಂಪು ಹೊತ್ತ ನೈಟ್ರೋಜನ್. ಈ ಎರಡು ಮೀಥೈಲ್‌ಗಳಲ್ಲಿ ಒಂದನ್ನು ಕಳಚಿದರೆ ನಾರ್‌ಟ್ರಿಪ್ಟಿಲಿನ್ ಸಿಗುತ್ತದೆ. ಅದು ಅಂಗಡಿಯಲ್ಲಿ ಬೇರೆಯೇ ಔಷಧವಾಗಿ ಸಿಗುತ್ತದೆ, ಅಮಿಟ್ರಿಪ್ಟಿಲಿನ್ ನುಂಗಿದವರ ಲಿವರ್ ಅದನ್ನು ಒಳಗೇ ತಯಾರಿಸಿಕೊಳ್ಳುತ್ತದೆ. ಒಂದು ಮಾತ್ರೆ ಕೊಂಡರೆ ಎರಡು ಔಷಧ ಎನ್ನಬಹುದು. ಎರಡನ್ನೂ ಬೇಕೆಂದು ಕೇಳಿದ್ದಿರಾ ಎಂಬುದು ಬೇರೆ ಪ್ರಶ್ನೆ.

ಪೊಟ್ಟಣದ ಮೇಲಿನ ಅಂಕಿಯನ್ನು ಓದುವುದರಲ್ಲಿ ಅನುಭವಸ್ಥರೂ ಎಡವುವ ಒಂದು ಜಾಗವಿದೆ. ಶುದ್ಧ ಅಮಿಟ್ರಿಪ್ಟಿಲಿನ್ ಪುಡಿಯಲ್ಲ, ಎಣ್ಣೆ. ಅದನ್ನು ಅಳೆದು ಮಾತ್ರೆ ಮಾಡಲಾಗದು. ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಸೇರಿಸಿ ಲವಣ ಮಾಡಿದರೆ ನೀರಿನಲ್ಲಿಯೂ ಆಲ್ಕೋಹಾಲಿನಲ್ಲಿಯೂ ಧಾರಾಳವಾಗಿ ಕರಗುವ ಹರಳು ಸಿಗುತ್ತದೆ. ಅಣುಭಾರ ಬರಿಯ ಪ್ರತ್ಯಾಮ್ಲದ್ದು, ಅಂದರೆ ಲವಣವಾಗದ ಶುದ್ಧ ಔಷಧದ್ದು 277.4, ಲವಣದ್ದು 313.9. ಅಮಿಟ್ರಿಪ್ಟಿಲಿನ್ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಲವಣದ ತೂಕವನ್ನೇ ಮುದ್ರಿಸುತ್ತಾರೆ. ಅಂದರೆ 25 ಮಿ.ಗ್ರಾಂ. ಎಂದಿದ್ದರೆ ನಿಜವಾದ ಔಷಧ ಸುಮಾರು 22 ಮಿ.ಗ್ರಾಂ. ನಾರ್‌ಟ್ರಿಪ್ಟಿಲಿನ್ ಕ್ಯಾಪ್ಸೂಲಿನಲ್ಲಿ ರೂಢಿ ತಿರುಗುಮುರುಗು: 25 ಎಂದರೆ 25 ಮಿ.ಗ್ರಾಂ. ಪ್ರತ್ಯಾಮ್ಲ, ಅದಕ್ಕಾಗಿ ಒಳಗೆ ತುಂಬಿರುವ ಲವಣ 28.5 ಮಿ.ಗ್ರಾಂ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ '25ಕ್ಕೆ 25' ಎಂದು ಲೆಕ್ಕ ಹಾಕಿದರೆ ಸುಮಾರು ಎಂಟನೇ ಒಂದು ಭಾಗದ ತಪ್ಪು ಮೊದಲೇ ಸೇರಿಕೊಳ್ಳುತ್ತದೆ. ಅದರ ಮೇಲೆ ಎರಡರ ಬಲವೂ ಒಂದೇ ಅಲ್ಲ. ನಾರ್‌ಟ್ರಿಪ್ಟಿಲಿನ್ ಡೋಸ್ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ.

ತಯಾರಿಕೆಯ ಕಡೆಗೆ ನೋಡಿದರೆ ಈ ಅಣುವಿನ ವಿನ್ಯಾಸಕ್ಕೆ ಪೂರ್ಣ ಅಂಕ ಕೊಡಬೇಕು. ಹಳೆಯ ದಾರಿ ಹೀಗಿದೆ. ಥ್ಯಾಲಿಕ್ ಅನ್‌ಹೈಡ್ರೈಡನ್ನೂ ಫೀನೈಲ್ ಅಸಿಟಿಕ್ ಆಮ್ಲವನ್ನೂ ಸೋಡಿಯಂ ಅಸಿಟೇಟ್ ಜೊತೆ ಬಿಸಿ ಮಾಡಿದರೆ ನೀರೂ ಇಂಗಾಲದ ಡೈಆಕ್ಸೈಡೂ ಹೊರಹೋಗಿ ಬೆಂಜಾಲ್‌ಥ್ಯಾಲೈಡ್ ಉಳಿಯುತ್ತದೆ. ಅದನ್ನು ಅಪಕರ್ಷಿಸಿದರೆ ಎರಡು ಇಂಗಾಲದ ಸೇತುವೆ ಇರುವ ಆಮ್ಲ. ಪಾಲಿಫಾಸ್ಫಾರಿಕ್ ಆಮ್ಲದಲ್ಲಿ ಬಿಸಿ ಮಾಡಿದರೆ ಆ ಆಮ್ಲ ತನ್ನನ್ನೇ ತಾನು ಕಚ್ಚಿಕೊಂಡು ಏಳರ ಉಂಗುರ ಮುಚ್ಚುತ್ತದೆ: ಡೈಬೆಂಜೋಸುಬೆರೋನ್ ಎಂಬ ಕೀಟೋನ್ ಸಿದ್ಧ. ಅದರ ಮೇಲೆ ಡೈಮೀಥೈಲ್‌ಅಮೈನೋಪ್ರೊಪೈಲ್ ಮೆಗ್ನೀಷಿಯಂ ಕ್ಲೋರೈಡ್ ಎಂಬ ಗ್ರಿನ್ಯಾರ್ ಕಾರಕ ಹಾಕಿದರೆ ಬಾಲ ಅಂಟಿ ಒಂದು ಆಲ್ಕೋಹಾಲ್ ಆಗುತ್ತದೆ. ಕೊನೆಗೆ ಹೈಡ್ರೋಕ್ಲೋರಿಕ್ ಆಮ್ಲ ಆ ಆಲ್ಕೋಹಾಲಿನಿಂದ ನೀರು ಕಿತ್ತು ಜೋಡಿಬಂಧ ಮಾಡುತ್ತದೆ, ಅದೇ ಏಟಿಗೆ ಲವಣವೂ ಆಗುತ್ತದೆ.

ಈ ಕೊನೆಯ ಹೆಜ್ಜೆ ನೋಡಲಿಕ್ಕೇ ಸೊಗಸು. ಆಲ್ಕೋಹಾಲಿನಿಂದ ನೀರು ಕೀಳುವಾಗ ಜೋಡಿಬಂಧ ಎಲ್ಲೆಲ್ಲಿಗೋ ಹೋಗಿ ಮೂರು ನಾಲ್ಕು ಬಗೆಯ ಮಿಶ್ರಣ ಸಿಗುವುದು ರಸಾಯನಶಾಸ್ತ್ರದಲ್ಲಿ ದಿನನಿತ್ಯದ ತಲೆನೋವು. ಇಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಆಲ್ಕೋಹಾಲ್ ಇರುವ ಇಂಗಾಲಕ್ಕೆ ಮೂರು ನೆರೆಯವರು: ಎರಡು ಬೆಂಜೀನ್ ಇಂಗಾಲ, ಒಂದು ಬಾಲದ ಇಂಗಾಲ. ಬೆಂಜೀನ್ ಇಂಗಾಲಗಳ ಬಳಿ ಬಿಟ್ಟುಕೊಡಲು ಹೈಡ್ರೋಜನ್ ಇಲ್ಲ. ಹಾಗಾಗಿ ಜೋಡಿಬಂಧ ಬಾಲದ ಕಡೆಗೇ ಬರಬೇಕು. ಉಂಗುರದ ಎಡ ಬಲ ಎರಡೂ ಒಂದೇ ಆದ್ದರಿಂದ ಬಾಲ ಯಾವ ಕಡೆ ವಾಲಿದರೂ ಅಣು ಒಂದೇ. ಇದನ್ನು ಬಳಗದ ಇನ್ನೊಂದು ಔಷಧ ಡಾಕ್ಸೆಪಿನ್ ಪಕ್ಕ ಇಟ್ಟು ನೋಡಿ. ಅದರ ಸೇತುವೆಯಲ್ಲಿ ಒಂದು ಆಮ್ಲಜನಕ ಸೇರಿಕೊಂಡಿದೆ, ಎಡ ಬಲದ ಸಾಮ್ಯ ಮುರಿದಿದೆ. ಪರಿಣಾಮವಾಗಿ ಮಾರುಕಟ್ಟೆಯ ಡಾಕ್ಸೆಪಿನ್ ಎರಡು ಜ್ಯಾಮಿತಿಯ ಅಣುಗಳ ಮಿಶ್ರಣ, ಇ ಮತ್ತು ಜೆಡ್ ರೂಪಗಳು ಸುಮಾರು 85ಕ್ಕೆ 15ರಂತೆ. ಆ ಅನುಪಾತವನ್ನು ಬ್ಯಾಚ್ ಬ್ಯಾಚಿಗೂ ಕಾಯಬೇಕು. ಅಮಿಟ್ರಿಪ್ಟಿಲಿನ್ ಮಾಡುವವರಿಗೆ ಆ ಕಾವಲು ಕೆಲಸವಿಲ್ಲ.

ಹಾಗೆಂದು ತಪ್ಪೇ ಆಗುವುದಿಲ್ಲವೆಂದಲ್ಲ. ಗ್ರಿನ್ಯಾರ್ ಕಾರಕಕ್ಕೆ ತೇವ ಆಗದು. ದ್ರಾವಕದಲ್ಲಿ ನೀರಿನ ಪಸೆ ಇದ್ದರೆ ಕಾರಕ ಅಲ್ಲೇ ಸಾಯುತ್ತದೆ, ಕೆಲಸ ಸಿಗದ ಕೀಟೋನ್ ಹಾಗೇ ಉಳಿಯುತ್ತದೆ. ನೀರು ಕೀಳುವ ಹೆಜ್ಜೆಯನ್ನು ಅವಸರದಲ್ಲಿ ಮುಗಿಸಿದರೆ ಆಲ್ಕೋಹಾಲ್ ಉಳಿದುಕೊಳ್ಳುತ್ತದೆ. ಆರಂಭದ ಕೀಟೋನಿನ ಸೇತುವೆಯಲ್ಲಿಯೇ ಒಂದು ಜೋಡಿಬಂಧ ಇರುವ ಸೋದರ ಕೀಟೋನ್ ಬೆರೆತಿದ್ದರೆ, ಅದೂ ಇದೇ ಹಾದಿ ಹಿಡಿದು ಸೈಕ್ಲೋಬೆಂಜಪ್ರಿನ್ ಆಗುತ್ತದೆ. ಅದು ಸ್ನಾಯು ಸಡಿಲಿಸಲು ಮಾರುವ ಬೇರೊಂದು ಔಷಧ. ಎರಡಕ್ಕೂ ಅಂತರ ಎರಡೇ ಎರಡು ಹೈಡ್ರೋಜನ್. ಔಷಧಗಳ ಗುಣಮಟ್ಟದ ಅಧಿಕೃತ ಗ್ರಂಥಗಳಾದ ಔಷಧಕೋಶಗಳು ಅಮಿಟ್ರಿಪ್ಟಿಲಿನ್‌ನ ಕಲ್ಮಶಗಳ ಪಟ್ಟಿಯಲ್ಲಿ ಡೈಬೆಂಜೋಸುಬೆರೋನ್, ಸೈಕ್ಲೋಬೆಂಜಪ್ರಿನ್, ನಾರ್‌ಟ್ರಿಪ್ಟಿಲಿನ್ ಮೂರನ್ನೂ ಹೆಸರಿಸಿ ಮಿತಿ ಹಾಕಿರುವುದು ಇದಕ್ಕೇ. ಡೈಬೆಂಜೋಸುಬೆರೋನ್ ಎರಡು ಬಾಗಿಲಿನಿಂದ ಬರುವ ಅತಿಥಿ: ತಯಾರಿಕೆಯಲ್ಲಿ ಉಳಿದದ್ದೂ ಇರಬಹುದು, ಮಾತ್ರೆ ಹಳತಾಗಿ ಜೋಡಿಬಂಧ ಆಮ್ಲಜನಕಕ್ಕೆ ಸಿಕ್ಕಿ ಸೀಳಿದಾಗ ಹುಟ್ಟಿದ್ದೂ ಇರಬಹುದು. ಹೊಸ ಬ್ಯಾಚಿನಲ್ಲಿ ಎಷ್ಟಿತ್ತು ಎಂದು ಗೊತ್ತಿಲ್ಲದೆ ಹಳೆಯ ಮಾತ್ರೆಯಲ್ಲಿ ಅಳೆದ ಅಂಕಿಗೆ ಅರ್ಥವಿಲ್ಲ.

ಮಾತ್ರೆಯ ಲೇಪನದ ಬಗ್ಗೆ ಎರಡು ಮಾತು. ಅದು ಅಂದಕ್ಕೆ ಹಾಕಿದ್ದಲ್ಲ. ಅಮಿಟ್ರಿಪ್ಟಿಲಿನ್ ಕಹಿ, ಜೊತೆಗೆ ನಾಲಿಗೆಯನ್ನು ಜೋಮು ಹಿಡಿಸುತ್ತದೆ. ಹಲ್ಲಿನ ವೈದ್ಯರು ಚುಚ್ಚುವ ಮರಗಟ್ಟಿಸುವ ಔಷಧದ ಹಾಗೆ ಇದೂ ನರದ ಸೋಡಿಯಂ ಬಾಗಿಲುಗಳನ್ನು ಮುಚ್ಚುತ್ತದೆ. ನಾಲಿಗೆಯ ಮೇಲೆ ಇದು ಕಿರಿಕಿರಿ ಅಷ್ಟೆ. ಇದೇ ಗುಣ ಹೃದಯದಲ್ಲಿ ಏನು ಮಾಡುತ್ತದೆ ಎಂಬುದು ಮುಂದೆ ಬರುತ್ತದೆ. ಮಾತ್ರೆಯನ್ನು ಅಗಿಯಬಾರದು. ಅರ್ಧ ಮಾಡಬೇಕಾದ ಪರಿಸ್ಥಿತಿ ಇದ್ದರೆ ಕಡಿಮೆ ಬಲದ ಮಾತ್ರೆಯನ್ನೇ ಕೇಳಿ ಪಡೆಯುವುದು ಮೇಲು: 25ನ್ನು ಬ್ಲೇಡಿನಿಂದ ಕತ್ತರಿಸಿ ಸಿಗುವ ಎರಡು ಚೂರುಗಳಿಗಿಂತ 10ರ ಮಾತ್ರೆ ನಂಬಿಕಸ್ಥ.

ಕರಗುವಿಕೆಯಲ್ಲಿ ಈ ಮಾತ್ರೆ ಸಾಮಾನ್ಯವಾಗಿ ಕೈಕೊಡುವುದಿಲ್ಲ. ಲವಣ ಅಷ್ಟು ಸುಲಭವಾಗಿ ಕರಗುವುದರಿಂದ, ಪರೀಕ್ಷೆಯ ಆಮ್ಲ ನೀರಿನಲ್ಲಿ ಮಾತ್ರೆ ತಡ ಮಾಡಿದರೆ ಅನುಮಾನ ಹೋಗಬೇಕಾದದ್ದು ದಪ್ಪ ಲೇಪನದ ಮೇಲೆ, ಇಲ್ಲವೇ ಗಟ್ಟಿಯಾಗಿ ಒತ್ತಿದ ಒಡಲಿನ ಮೇಲೆ. ಶೇಖರಣೆಯಲ್ಲಿ ಶತ್ರುಗಳು ಬೆಳಕು ಮತ್ತು ಸೆಖೆ. ದ್ರಾವಣ ರೂಪದಲ್ಲಿದ್ದರೆ ಲೋಹದ ಅಯಾನುಗಳೂ ಸೇರುತ್ತವೆ. ಅವು ಆಮ್ಲಜನಕದ ದಾಳಿಗೆ ದಾರಿ ಮಾಡಿಕೊಡುತ್ತವೆ, ಅವುಗಳನ್ನು ಹಿಡಿದಿಡುವ ಇಡಿಟಿಎ ಸೇರಿಸಿದರೆ ಹಾಳಾಗುವ ವೇಗ ಇಳಿಯುತ್ತದೆ. ಮಾತ್ರೆಯನ್ನು ಅದರ ಪೊಟ್ಟಣದಲ್ಲಿಯೇ ಬಿಟ್ಟರೆ ಸಾಕು. ಪಾರದರ್ಶಕ ಡಬ್ಬಿಗೆ ಸುರಿದು ಕಿಟಕಿಯ ಪಕ್ಕ ಇಡುವ ಅಭ್ಯಾಸ ಇದ್ದವರು ಅದನ್ನು ಈ ಮಾತ್ರೆಯ ಮಟ್ಟಿಗಾದರೂ ಬಿಡಬೇಕು.

ಎರಡು ಮೀಥೈಲ್ ಇರುವುದರಿಂದ ಇನ್ನೊಂದು ಲಾಭವಿದೆ, ಅದನ್ನು ಯಾರೂ ಜಾಹೀರಾತಿನಲ್ಲಿ ಹೇಳುವುದಿಲ್ಲ. ಮಾತ್ರೆಗಳಲ್ಲಿ ತುಂಬುವ ಲ್ಯಾಕ್ಟೋಸ್ ಸಕ್ಕರೆ, ಹೈಡ್ರೋಜನ್ ಉಳಿಸಿಕೊಂಡ ಅಮೈನ್‌ಗಳ ಜೊತೆ ಪ್ರತಿಕ್ರಿಯಿಸಿ ಕಂದು ಬಣ್ಣ ತರಬಲ್ಲದು. ಅಮಿಟ್ರಿಪ್ಟಿಲಿನ್‌ನ ನೈಟ್ರೋಜನ್ ಮೇಲೆ ಆ ಹೈಡ್ರೋಜನ್ ಇಲ್ಲ, ಲ್ಯಾಕ್ಟೋಸ್ ಜೊತೆ ಜಗಳವಿಲ್ಲ. ನಾರ್‌ಟ್ರಿಪ್ಟಿಲಿನ್‌ಗೆ ಇದೆ. ಅದೇ ಹೈಡ್ರೋಜನ್ ಕಾರಣದಿಂದ ನಾರ್‌ಟ್ರಿಪ್ಟಿಲಿನ್ ನೈಟ್ರೈಟ್ ಅಂಶ ಸಿಕ್ಕಿದರೆ ಕ್ಯಾನ್ಸರ್ ತರಬಲ್ಲದೆಂಬ ಅನುಮಾನವಿರುವ ನೈಟ್ರೋಸಮೈನ್ ಆಗಬಲ್ಲದು. ಔಷಧ ನಿಯಂತ್ರಕರು ಇತ್ತೀಚಿನ ವರ್ಷಗಳಲ್ಲಿ ಕಣ್ಣಿಟ್ಟಿರುವ ಕಲ್ಮಶಗಳಲ್ಲಿ ನೈಟ್ರೋಸೋ ನಾರ್‌ಟ್ರಿಪ್ಟಿಲಿನ್ ಕೂಡ ಒಂದು. ತುಂಬುಪುಡಿಯಲ್ಲಿ ಅತ್ಯಲ್ಪ ನೈಟ್ರೈಟ್ ಇದ್ದರೂ ಸಾಕಾಗುವುದರಿಂದ, ಕ್ಯಾಪ್ಸೂಲ್ ಮಾಡುವವರು ಪುಡಿಯ ಮೂಲವನ್ನೇ ಪರೀಕ್ಷಿಸಬೇಕು.

ನುಂಗಿದ ಮೇಲೆ ಏನಾಗುತ್ತದೆ? ನೈಟ್ರೋಜನ್‌ನ ಪಿಕೆಎ, ಅಂದರೆ ಅರ್ಧ ಅಣುಗಳು ವಿದ್ಯುದಂಶ ಹೊತ್ತು ಅರ್ಧ ತಟಸ್ಥವಾಗಿರುವ ಪಿಎಚ್, ಸುಮಾರು 9.4. ರಕ್ತದ ಪಿಎಚ್ 7.4. ವ್ಯತ್ಯಾಸ ಎರಡು, ಅಂದರೆ ನೂರು ಪಟ್ಟು: ರಕ್ತದಲ್ಲಿ ನೂರು ಅಣುಗಳಲ್ಲಿ ತೊಂಬತ್ತೊಂಬತ್ತು ಧನ ವಿದ್ಯುದಂಶ ಹೊತ್ತಿರುತ್ತವೆ, ಒಂದೇ ಒಂದು ತಟಸ್ಥ. ಪೊರೆ ದಾಟುವುದು ಆ ಒಂದು. ಅದು ದಾಟಿದ ತಕ್ಷಣ ಸಮತೋಲಕ್ಕಾಗಿ ಇನ್ನೊಂದು ತಟಸ್ಥವಾಗುತ್ತದೆ, ಅದೂ ದಾಟುತ್ತದೆ. ತಟಸ್ಥ ರೂಪ ನೀರಿಗಿಂತ ಆಕ್ಟನಾಲ್ ಎಂಬ ಎಣ್ಣೆಯಂಥ ದ್ರವದಲ್ಲಿ ಲಕ್ಷ ಪಟ್ಟಿನ ಆಸುಪಾಸು ಹೆಚ್ಚು ಕರಗುತ್ತದೆ. ಹಾಗಾಗಿ ಜೀವಕೋಶದ ಕೊಬ್ಬಿನ ಪೊರೆ ಇದಕ್ಕೆ ಗೋಡೆಯಲ್ಲ, ಹಾಸಿಗೆ. ಮಿದುಳಿಗೂ ಹೋಗುತ್ತದೆ, ಕೊಬ್ಬಿಗೂ ಹೋಗುತ್ತದೆ, ಲಿವರಿಗೂ ಶ್ವಾಸಕೋಶಕ್ಕೂ ಹೋಗುತ್ತದೆ. ರಕ್ತದಲ್ಲಿ ಉಳಿಯುವುದು ಬಹಳ ಕಡಿಮೆ. ಅದರಲ್ಲಿಯೂ ಶೇಕಡಾ 95ರಷ್ಟು ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ.

ಮೊದಲ ಸುತ್ತಿನಲ್ಲಿಯೇ ಲಿವರ್ ಅರ್ಧಕ್ಕಿಂತ ಹೆಚ್ಚನ್ನು ಮುರಿದುಬಿಡಬಹುದು. ಇಲ್ಲಿ ಎರಡು ಕಿಣ್ವಗಳ ಹೆಸರು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಸಿವೈಪಿ2ಸಿ19 ಬಾಲದ ಒಂದು ಮೀಥೈಲನ್ನು ಕಳಚಿ ನಾರ್‌ಟ್ರಿಪ್ಟಿಲಿನ್ ಮಾಡುತ್ತದೆ. ಸಿವೈಪಿ2ಡಿ6 ಉಂಗುರದ ಸೇತುವೆಯ ಮೇಲೆ ಒಂದು ಹೈಡ್ರಾಕ್ಸಿಲ್ ಹಚ್ಚಿ ಹೊರಹಾಕಲು ಸಿದ್ಧಪಡಿಸುತ್ತದೆ. ಆ ಹೈಡ್ರಾಕ್ಸಿಲ್ ಬಂದಲ್ಲಿ ಸಾಮ್ಯ ಒಡೆಯುತ್ತದೆ. ಕಾರ್ಖಾನೆ ತಪ್ಪಿಸಿಕೊಂಡಿದ್ದ ಇ ಮತ್ತು ಜೆಡ್ ಗೊಂದಲ ಲಿವರಿನಲ್ಲಿ ಹುಟ್ಟುತ್ತದೆ, ಜೊತೆಗೆ ಎಡಗೈ ಬಲಗೈಯಂತೆ ಒಂದಕ್ಕೊಂದು ಕನ್ನಡಿ ಪ್ರತಿಬಿಂಬವಾದ ರೂಪಗಳೂ ಸೇರಿ ನಾಲ್ಕು ಬಗೆಯಾಗುತ್ತದೆ. ಹುಟ್ಟಿನಿಂದಲೇ 2ಡಿ6 ನಿಧಾನವಾಗಿರುವವರಲ್ಲಿ ಔಷಧ ಪೇರಿಕೊಳ್ಳುತ್ತದೆ, ಅತಿವೇಗವಾಗಿರುವವರಲ್ಲಿ ಸಾಮಾನ್ಯ ಡೋಸ್ ತಲುಪುವ ಮೊದಲೇ ಹೋಗಿಬಿಡುತ್ತದೆ. ಒಂದೇ 25ರ ಮಾತ್ರೆ ಒಬ್ಬರಿಗೆ ಮರುದಿನ ಮಧ್ಯಾಹ್ನದವರೆಗೆ ಮಂಪರು ಹಿಡಿಸಿ, ಇನ್ನೊಬ್ಬರಿಗೆ ಏನೂ ಅನ್ನಿಸದಿರುವುದಕ್ಕೆ ಮಾತ್ರೆಯನ್ನು ದೂರುವುದಕ್ಕಿಂತ ಮೊದಲು ಇದನ್ನು ನೋಡಬೇಕು. ಹೊಸ ತಲೆಮಾರಿನ ಖಿನ್ನತೆ ನಿವಾರಕಗಳಾದ ಫ್ಲೂಆಕ್ಸೆಟಿನ್, ಪ್ಯಾರಾಕ್ಸೆಟಿನ್ ಇದೇ 2ಡಿ6 ಕಿಣ್ವವನ್ನು ಕಟ್ಟಿಹಾಕುತ್ತವೆ. ಅವುಗಳ ಜೊತೆ ಹಳೆಯ ಡೋಸನ್ನೇ ಮುಂದುವರಿಸಿದರೆ ರಕ್ತದ ಮಟ್ಟ ಏರುತ್ತದೆ. ಫ್ಲೂಆಕ್ಸೆಟಿನ್ ನಿಲ್ಲಿಸಿದ ಮೇಲೂ ವಾರಗಟ್ಟಲೆ ದೇಹದಲ್ಲಿ ಉಳಿಯುವುದರಿಂದ 'ನಿನ್ನೆಯೇ ಬಿಟ್ಟಿದ್ದೇನೆ' ಎಂಬುದು ಸಮಾಧಾನದ ಮಾತಲ್ಲ. ಫಿಟ್ಸ್ ತಡೆಯುವ ಕಾರ್ಬಮಜಪಿನ್ ತದ್ವಿರುದ್ಧ, ಮಟ್ಟ ಇಳಿಸುತ್ತದೆ. ಸೆರೊಟೋನಿನ್‌ನಂಥ ರಾಸಾಯನಿಕಗಳನ್ನು ಒಡೆಯುವ ಎಂಎಒ ಎಂಬ ಕಿಣ್ವವನ್ನು ತಡೆಯುವ ಹಳೆಯ ಔಷಧಗಳಿಗೂ ಇದಕ್ಕೂ ನಡುವೆ 14 ದಿನ ಅಂತರ ಕಡ್ಡಾಯ.

ಕೆಲಸ ಮಾಡುವ ಬಗೆಗೆ ಬಂದರೆ, ನರಕೋಶಗಳು ಚೆಲ್ಲಿದ ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್ ಅನ್ನು ವಾಪಸು ಹೀರಿಕೊಳ್ಳುವ ಪಂಪುಗಳ ಬಾಯಿಗೆ ಈ ಅಣು ಅಡ್ಡ ಕೂರುತ್ತದೆ. ಪ್ರಯೋಗಶಾಲೆಯ ಅಳತೆಯಲ್ಲಿ, ಅಂಕಿ ಕಡಿಮೆಯಾದಷ್ಟೂ ಹಿಡಿತ ಬಿಗಿ ಎಂದು ಓದಿಕೊಳ್ಳಿ, ಅಮಿಟ್ರಿಪ್ಟಿಲಿನ್‌ಗೆ ಸೆರೊಟೋನಿನ್ ಪಂಪಿನ ಮೇಲೆ ಸುಮಾರು 4 ನ್ಯಾನೋಮೋಲಾರ್, ನಾರ್‌ಅಡ್ರಿನಲಿನ್ ಪಂಪಿನ ಮೇಲೆ ಸುಮಾರು 35. ಮೀಥೈಲ್ ಕಳಚಿದ ನಾರ್‌ಟ್ರಿಪ್ಟಿಲಿನ್‌ಗೆ ಇದು ತಲೆಕೆಳಗು: ಸುಮಾರು 18 ಮತ್ತು 4. ಒಂದು ಇಂಗಾಲ, ಮೂರು ಹೈಡ್ರೋಜನ್ ಹೋದದ್ದಕ್ಕೆ ಇಷ್ಟು ಬದಲಾವಣೆ. ತೊಂದರೆಯ ಅಂಕಿಗಳೂ ಅದೇ ಮೀಥೈಲಿಗೆ ತಗುಲಿಕೊಂಡಿವೆ. ತಡೆದರೆ ನಿದ್ದೆ ಬರುವ, ಹಸಿವು ಹೆಚ್ಚುವ ಹಿಸ್ಟಮಿನ್ ಎಚ್1 ಗ್ರಾಹಕದ ಮೇಲೆ ಅಮಿಟ್ರಿಪ್ಟಿಲಿನ್ ಹಿಡಿತ ಸುಮಾರು 1, ಅಂದರೆ ಖಿನ್ನತೆಯ ಗುರಿಗಿಂತಲೂ ಬಿಗಿ; ನಾರ್‌ಟ್ರಿಪ್ಟಿಲಿನ್ ಸುಮಾರು 10. ತಡೆದರೆ ಬಾಯಿ ಒಣಗುವ, ಮಲಬದ್ಧತೆ ಬರುವ ಮಸ್ಕರಿನಿಕ್ ಗ್ರಾಹಕಗಳ ಮೇಲೆ ಸುಮಾರು 18 ಮತ್ತು 150.

ಈ ಅಂಕಿಗಳನ್ನು ಒಮ್ಮೆ ಓದಿಕೊಂಡರೆ ಪೊಟ್ಟಣದೊಳಗಿನ ಮಡಚಿದ ಕಾಗದದ ಅರ್ಧ ಓದಿದಂತೆ. ಕಡಿಮೆ ಡೋಸಿನಲ್ಲಿ ಮೊದಲು ಕಾಣುವುದು ನಿದ್ದೆ, ಏಕೆಂದರೆ ಬಿಗಿ ಹಿಡಿತ ಎಚ್1 ಮೇಲೆ. ಆಮೇಲೆ ಒಣ ಬಾಯಿ, ಮಲಬದ್ಧತೆ, ಕಣ್ಣು ಮಂಜು, ಮೂತ್ರ ಕಟ್ಟುವುದು. ರಕ್ತನಾಳಗಳನ್ನು ಬಿಗಿಯಾಗಿಡುವ ಆಲ್ಫಾ1 ಗ್ರಾಹಕವನ್ನೂ ತಡೆಯುವುದರಿಂದ ದಿಢೀರನೆ ಎದ್ದು ನಿಂತರೆ ತಲೆ ತಿರುಗುತ್ತದೆ. ಕಿರಿದಾದ ಕೋನದ ಗ್ಲಾಕೋಮಾ, ಪ್ರಾಸ್ಟೇಟ್ ಊತ, ಇತ್ತೀಚೆಗೆ ಹೃದಯಾಘಾತ ಆದವರು, ಹೃದಯದ ವಿದ್ಯುತ್ ಹಾದಿಯಲ್ಲಿ ಅಡಚಣೆ ಇರುವವರು ಈ ಸರಕಿನ ಗಿರಾಕಿಗಳಲ್ಲ. ವಯಸ್ಸಾದವರಿಗೂ ಇದು ಒಳ್ಳೆಯ ಆಯ್ಕೆಯಲ್ಲ: ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಮಂಪರೂ ತಲೆಸುತ್ತೂ ಒಟ್ಟಿಗೆ ಬಂದರೆ ಬೀಳುತ್ತಾರೆ. 24 ವರ್ಷದೊಳಗಿನವರಲ್ಲಿ ಖಿನ್ನತೆಯ ಚಿಕಿತ್ಸೆಯ ಆರಂಭದ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆ ಎಲ್ಲ ಖಿನ್ನತೆ ನಿವಾರಕಗಳಂತೆ ಇದಕ್ಕೂ ಇದೆ; ಮನೆಯವರು ಹತ್ತಿರದಿಂದ ಗಮನಿಸಬೇಕು.

ಬಳಕೆಯಲ್ಲಿ ಸಾಮಾನ್ಯ ತಪ್ಪು ಅವಸರ. ನರದ ನೋವಿಗೆ ವೈದ್ಯರು ಸಾಮಾನ್ಯವಾಗಿ ರಾತ್ರಿ 10 ಅಥವಾ 25 ಮಿ.ಗ್ರಾಂ.ನಿಂದ ಆರಂಭಿಸಿ, ವಾರ ಎರಡು ವಾರಕ್ಕೊಮ್ಮೆ ಸ್ವಲ್ಪಸ್ವಲ್ಪ ಏರಿಸುತ್ತಾರೆ. ಹೆಚ್ಚಿನವರಿಗೆ 75ರೊಳಗೇ ಸಾಕಾಗುತ್ತದೆ. ಖಿನ್ನತೆಗೆ ದಿನಕ್ಕೆ 75ರಿಂದ 150 ಬೇಕಾಗಬಹುದು. ಅರ್ಧಾಯುಷ್ಯ, ಅಂದರೆ ರಕ್ತದ ಮಟ್ಟ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, ಬಹುತೇಕರಲ್ಲಿ 10ರಿಂದ 28 ಗಂಟೆ, ನಾರ್‌ಟ್ರಿಪ್ಟಿಲಿನ್‌ದು ಇನ್ನೂ ಉದ್ದ. ಹಾಗಾಗಿ ಡೋಸ್ ಬದಲಿಸಿದ ಮೇಲೆ ರಕ್ತದ ಮಟ್ಟ ಸ್ಥಿರವಾಗಲು ಒಂದೆರಡು ವಾರ ಹಿಡಿಯುತ್ತದೆ. ಮೂರನೆಯ ದಿನವೇ 'ಏನೂ ಆಗಲಿಲ್ಲ' ಎಂದು ಏರಿಸಿದರೆ ಎರಡನೆಯ ವಾರದಲ್ಲಿ ಎರಡೂ ಏರಿಕೆಗಳು ಒಟ್ಟಿಗೆ ಮೈಮೇಲೆ ಬರುತ್ತವೆ. ಮಲಗುವ ಹೊತ್ತಿಗೇ ನುಂಗಿದರೆ ಬೆಳಗಿನ ಮಂಪರು ಹೆಚ್ಚು, ಏಕೆಂದರೆ ರಕ್ತದಲ್ಲಿ ಶಿಖರ ಮುಟ್ಟಲು ಹಲವು ಗಂಟೆ ಬೇಕು. ಒಂದೆರಡು ಗಂಟೆ ಮೊದಲೇ ತೆಗೆದುಕೊಂಡರೆ ಬೆಳಿಗ್ಗೆ ಹಗುರ. ಮದ್ಯದ ಜೊತೆ ಬೇಡ. ನಿಲ್ಲಿಸುವಾಗಲೂ ಹಂತಹಂತವಾಗಿ ಇಳಿಸಬೇಕು. ಒಮ್ಮೆಗೇ ಬಿಟ್ಟರೆ ವಾಕರಿಕೆ, ಬೆವರು, ನಿದ್ದೆಗೇಡು.

ರಕ್ತಪರೀಕ್ಷೆಗೆ ಬರೆದುಕೊಟ್ಟಿದ್ದರೆ ಒಂದಿಷ್ಟು ಸೂಕ್ಷ್ಮಗಳಿವೆ. ಕೊನೆಯ ಡೋಸ್ ಆಗಿ ಸುಮಾರು 12 ಗಂಟೆಗೆ ರಕ್ತ ತೆಗೆಯಬೇಕು. ವರದಿಯಲ್ಲಿ ಅಮಿಟ್ರಿಪ್ಟಿಲಿನ್ ಒಂದನ್ನೇ ನೋಡಬಾರದು. ಅದನ್ನೂ ನಾರ್‌ಟ್ರಿಪ್ಟಿಲಿನನ್ನೂ ಕೂಡಿಸಿದ ಮೊತ್ತ ಒಂದು ಮಿ.ಲೀ.ಗೆ 80ರಿಂದ 200 ನ್ಯಾನೋಗ್ರಾಂ ನಡುವೆ ಇರಬೇಕೆಂಬುದು ರೂಢಿಯ ಗಡಿ. ರಕ್ತವನ್ನು ಜೆಲ್ ಇರುವ ಟ್ಯೂಬಿಗೆ ಹಾಕಿದರೆ ಎಣ್ಣೆ ಸ್ವಭಾವದ ಔಷಧ ಜೆಲ್‌ಗೆ ಅಂಟಿಕೊಂಡು ಅಂಕಿ ಸುಳ್ಳೇ ಇಳಿಯುತ್ತದೆ, ಹಾಗಾಗಿ ಜೆಲ್ ಇಲ್ಲದ ಟ್ಯೂಬ್ ಬೇಕು. ಪಟ್ಟಿ ಅದ್ದಿ ನೋಡುವ ಮೂತ್ರಪರೀಕ್ಷೆಯನ್ನು ಮಾತ್ರ ನಂಬಬೇಡಿ. ಅದಕ್ಕೆ ಗೊತ್ತಾಗುವುದು ಮೂರು ಉಂಗುರದ ಆಕಾರ ಅಷ್ಟೆ. ಸೈಕ್ಲೋಬೆಂಜಪ್ರಿನ್, ಕಾರ್ಬಮಜಪಿನ್, ಕ್ವೆಟಿಯಪಿನ್ ತೆಗೆದುಕೊಂಡವರನ್ನೂ ಅದು ಹಿಡಿದುಬಿಡಬಹುದು. ಅಣುವನ್ನು ಮುರಿದು ಚೂರುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರಿನ ವರದಿಗೆ ಈ ಗೊಂದಲವಿಲ್ಲ: ಅಮಿಟ್ರಿಪ್ಟಿಲಿನ್ 278ರಿಂದ 233ಕ್ಕೆ ಮುರಿಯುತ್ತದೆ, ನಾರ್‌ಟ್ರಿಪ್ಟಿಲಿನ್ 264ರಿಂದ ಅದೇ 233ಕ್ಕೆ. ಬಾಲದ ಅಮೈನ್ ಕಳಚಿ ಬಿದ್ದ ಮೇಲೆ ಇಬ್ಬರದೂ ಒಂದೇ ದೇಹ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ಬೇಕಿಲ್ಲ. ಅಂದಹಾಗೆ, ಈ ಅಣುವಿಗೆ ಔಷಧವಲ್ಲದ ಉದ್ಯೋಗವೂ ಒಂದಿದೆ. ಅದರ ಧನ ವಿದ್ಯುದಂಶದ ಬಾಲ ಸಿಲಿಕಾದ ಆಮ್ಲೀಯ ಬಿಂದುಗಳಿಗೆ ತಗುಲಿಕೊಳ್ಳುವುದರಿಂದ, ಮಿಶ್ರಣದ ಅಂಶಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರದ ಸಿಲಿಕಾ ತುಂಬಿದ ಕೊಳವೆ, ಅಂದರೆ ಕಾಲಂ, ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಲು ಇದನ್ನೇ ಓಡಿಸುತ್ತಾರೆ. ಶಿಖರ ನೆಟ್ಟಗೆ ಬಂದರೆ ಕಾಲಂ ಚೆನ್ನಾಗಿದೆ. ಹಿಂದೆ ಬಾಲ ಎಳೆದರೆ ಕಾಲಂ ಕಳಪೆ.

ಈ ಸರಕಿನ ದೊಡ್ಡ ದೋಷ ಡೋಸ್ ಮೀರಿದಾಗ ಬಯಲಾಗುತ್ತದೆ. ನಾಲಿಗೆ ಜೋಮು ಹಿಡಿಸಿದ ಅದೇ ಗುಣ ಹೃದಯದ ಸೋಡಿಯಂ ಬಾಗಿಲುಗಳನ್ನೂ ಮುಚ್ಚುತ್ತದೆ. ಇಸಿಜಿಯಲ್ಲಿ ಹೃದಯದ ಕೆಳಕೋಣೆಗಳಿಗೆ ವಿದ್ಯುತ್ ಹರಡುವುದನ್ನು ತೋರಿಸುವ ಕ್ಯುಆರ್‌ಎಸ್ ಅಲೆ ಅಗಲವಾಗುತ್ತದೆ. 100 ಮಿಲಿಸೆಕೆಂಡ್ ದಾಟಿದರೆ ಫಿಟ್ಸ್ ಬರುವ ಅಪಾಯ, 160 ದಾಟಿದರೆ ಹೃದಯದ ಲಯ ತಪ್ಪುವ ಅಪಾಯ. ಡಯಾಲಿಸಿಸ್ ಮಾಡಿ ತೆಗೆಯೋಣವೆಂದರೆ ಆಗದು: ಔಷಧವೆಲ್ಲ ಅಂಗಾಂಶದ ಕೊಬ್ಬಿನಲ್ಲಿ ಕೂತಿದೆ, ರಕ್ತದಲ್ಲಿರುವ ಚೂರುಪಾರು ಪ್ರೋಟೀನಿಗೆ ಅಂಟಿದೆ, ಯಂತ್ರಕ್ಕೆ ಸಿಗುವುದು ಏನೂ ಇಲ್ಲ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಸೋಡಿಯಂ ಬೈಕಾರ್ಬನೇಟ್ ಕೊಡುತ್ತಾರೆ. ಅದರ ಸೋಡಿಯಂ ಮುಚ್ಚಿದ ಬಾಗಿಲ ಮುಂದೆ ಒತ್ತಡ ಹೆಚ್ಚಿಸುತ್ತದೆ, ಅದರ ಕ್ಷಾರ ರಕ್ತದ ಪಿಎಚ್ ಏರಿಸಿ ಬಾಗಿಲಿಗೆ ಅಂಟಿದ ಔಷಧದ ಹಿಡಿತ ಸಡಿಲಿಸುತ್ತದೆ. ನುಂಗಿ ಒಂದೆರಡು ಗಂಟೆ ಮಾತನಾಡುತ್ತ ಕೂತಿದ್ದವರು ಹಠಾತ್ತನೆ ಕುಸಿಯಬಹುದು. ಹೆಚ್ಚು ನುಂಗಿದ ಅನುಮಾನ ಬಂದರೆ ಲಕ್ಷಣಕ್ಕೆ ಕಾಯದೆ, ವಾಂತಿ ಮಾಡಿಸಲು ಹೋಗದೆ, ನೇರ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು. ಮನೆಯಲ್ಲಿ ಮಕ್ಕಳಿದ್ದರೆ, ಅಥವಾ ಮನಸ್ಸು ಕುಸಿದವರಿದ್ದರೆ, ತಿಂಗಳುಗಟ್ಟಲೆಯ ದಾಸ್ತಾನು ಬೇಡ. ಒಂದೊಂದು ವಾರದ ಮಾತ್ರೆ ಮಾತ್ರ ತಂದು, ಬೀಗ ಹಾಕಿ, ಇನ್ನೊಬ್ಬರ ಕೈಯಲ್ಲಿಡಬೇಕು. ಬಳಸದೆ ಉಳಿದದ್ದನ್ನು ಔಷಧ ಅಂಗಡಿಗೆ ಹಿಂದಿರುಗಿಸುವುದು ಒಳ್ಳೆಯದು.

ಬಳಗದಲ್ಲಿ ಯಾರನ್ನು ಆರಿಸುವುದು? ಹಗಲು ಕೆಲಸ ಮಾಡಬೇಕಾದವರಿಗೆ, ಮಲಬದ್ಧತೆ ಮೊದಲೇ ಇರುವವರಿಗೆ ನಾರ್‌ಟ್ರಿಪ್ಟಿಲಿನ್ ಮೇಲು. ಅದರ ರಕ್ತಮಟ್ಟದ ಗಡಿ ಕಿರಿದು, ಮೇಲೆ ಹೋದರೆ ಪರಿಣಾಮ ಹೆಚ್ಚುವ ಬದಲು ತಗ್ಗಬಹುದು, ಅದನ್ನು ಮರೆಯಬಾರದು. ಕ್ಲೋಮಿಪ್ರಮಿನ್‌ನ ಉಂಗುರದ ಮೇಲೆ ಒಂದು ಕ್ಲೋರಿನ್ ಕೂತಿದೆ, ಆ ಒಂದು ಪರಮಾಣು ಸೆರೊಟೋನಿನ್ ಕಡೆ ತಕ್ಕಡಿಯನ್ನು ಜೋರಾಗಿ ವಾಲಿಸಿದೆ. ಗೀಳು ಕಾಯಿಲೆಗೆ ಅದು ನೆಚ್ಚಿನದು. ನೋವೂ ಇದೆ, ರಾತ್ರಿ ನಿದ್ದೆಯೂ ಇಲ್ಲ ಎನ್ನುವವರಿಗೆ ಅಮಿಟ್ರಿಪ್ಟಿಲಿನ್ 10ರ ಮಾತ್ರೆ ಸರಿಹೊಂದುತ್ತದೆ, ಏಕೆಂದರೆ ಇಲ್ಲಿ ಅದರ ದೋಷವೇ ಕೂಲಿ ಮಾಡುತ್ತದೆ. ಬರಿಯ ನಿದ್ದೆಗಾಗಿ ಮಾತ್ರ ಇದನ್ನು ಕೇಳುವವರು ಡಾಕ್ಸೆಪಿನ್ ಕಡೆ ನೋಡಬಹುದು. 1969ರಲ್ಲಿ ಖಿನ್ನತೆಗೆ ಬಂದ ಆ ಅಣುವನ್ನು 2010ರಲ್ಲಿ ಅಮೆರಿಕದಲ್ಲಿ 3 ಮತ್ತು 6 ಮಿ.ಗ್ರಾಂ.ನ ನಿದ್ದೆ ಮಾತ್ರೆಯಾಗಿ ಮತ್ತೆ ತಂದರು. ಖಿನ್ನತೆಯ ಡೋಸಿನ ಹತ್ತನೇ ಒಂದಕ್ಕಿಂತ ಕಡಿಮೆ ಅದು. ಅಷ್ಟರಲ್ಲಿ ಎಚ್1 ಬಿಟ್ಟು ಬೇರೆ ಯಾವ ಬಾಗಿಲಿಗೂ ಸರಿಯಾಗಿ ಕೈ ತಾಗುವುದಿಲ್ಲ.